ಬರೆಯದ ಉತ್ತರಕ್ಕೆ ಹದಿನಾಲ್ಕು ಅಂಕ

ನಗರಸಭೆಯ ಲೆಕ್ಕಪತ್ರ ವಿಭಾಗದಲ್ಲಿ ಆ ಹೆಂಗಸಿಗೆ ಯಾಕಮ್ಮ ಎಂಬ ಹೆಸರು ಬಿದ್ದು ಎಷ್ಟೋ ವರ್ಷಗಳಾಗಿವೆ. ಹೆಸರಿಟ್ಟವರು ನಿವೃತ್ತರಾದರು, ಹೆಸರು ಮಾತ್ರ ಕೆಲಸದಲ್ಲೇ ಉಳಿಯಿತು. ಸೇರಿದ ಹೊಸದರಲ್ಲಿ ಅವಳು ಯಾವ ಬಿಲ್ಲು ಮುಂದೆ ಬಂದರೂ "ಇದನ್ನ ಹೀಗೇ ಯಾಕೆ ಬರೀಬೇಕು?" ಎಂದು ಕೇಳುತ್ತಿದ್ದಳು. ಅದಕ್ಕೆ ಆ ಕಚೇರಿಯಲ್ಲಿ ಇದ್ದದ್ದು ಒಂದೇ ಉತ್ತರ: "ಹಿಂದಿನ ಕಡತ ನೋಡಿ ಬರೀರಿ."

ಹಿಂದಿನ ಕಡತವನ್ನು ಬರೆದವರು ಅದರ ಹಿಂದಿನ ಕಡತ ನೋಡಿ ಬರೆದಿದ್ದರು. ಹೀಗೆ ಹಿಂದೆ ಹಿಂದೆ ಹೋದರೆ ಎಲ್ಲೋ ತಳದಲ್ಲಿ ವಿಷಯ ತಿಳಿದು ಬರೆದ ಒಬ್ಬ ಪುಣ್ಯಾತ್ಮ ಸಿಗಲೇಬೇಕು ಎಂಬುದು ಯಾಕಮ್ಮನ ತರ್ಕ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವಳು, ಬೇರು ಹುಡುಕುವುದು ಅವಳಿಗೆ ಅಭ್ಯಾಸ. ಒಂದು ಮಧ್ಯಾಹ್ನ ದಾಖಲೆ ಕೋಣೆಗೆ ಇಳಿದು ಒಂದೊಂದೇ ಕಟ್ಟು ಬಿಚ್ಚುತ್ತ ಹೋದಳು. ತಳದ ಕಟ್ಟಿನಲ್ಲಿ ಸಿಕ್ಕಿದ್ದು ಗೆದ್ದಲು.

ಯಾರೂ ಏನನ್ನೂ ಕಲಿಸದೆಯೇ ಅವಳು ಗುಮಾಸ್ತೆಯಿಂದ ಮೇಲ್ವಿಚಾರಕಿಯಾದಳು, ಮೇಲ್ವಿಚಾರಕಿಯಿಂದ ಲೆಕ್ಕಾಧಿಕಾರಿಯಾದಳು. ಆ ಕುರ್ಚಿಗೆ ಬಂದ ದಿನ ಅವಳಿಗೆ ಖುಷಿಗಿಂತ ಹೆಚ್ಚಾಗಿ ದಿಗಿಲೇ ಆಯಿತು. ಅವಳಿಗಿಂತ ಮೊದಲು ಅಲ್ಲಿ ಕೂತಿದ್ದವರು ತೀರಾ ಮೆತ್ತನೆಯ ಮನುಷ್ಯ. ಬೀದಿದೀಪಗಳ ನಿರ್ವಹಣೆಯನ್ನು ಒಂದು ಕಂಪನಿಗೆ ಒಪ್ಪಿಸುವ ಒಪ್ಪಂದ ಅವರ ಮೇಜಿಗೆ ಬಂದಾಗ, "ಸಹಿ ಹಾಕಿ, ಮಿಕ್ಕಿದ್ದು ನಾವು ನೋಡ್ಕೋತೀವಿ" ಎಂದು ಮೇಲಿನವರು ಬೆನ್ನು ತಟ್ಟಿದ್ದರು. ದೀಪ ಉರಿದರೂ ಉರಿಯದಿದ್ದರೂ ಕಂಪನಿಗೆ ಬಾಡಿಗೆ ಹೋಗಬೇಕೆಂಬ ಷರತ್ತು ಆ ಒಪ್ಪಂದದ ಒಳಗಿತ್ತು. ಅದನ್ನು ಅವರು ಓದಿದ್ದರು. ಆದರೆ ಅದರ ಅರ್ಥವೇನು, ಅದು ಎಲ್ಲಿಗೆ ಒಯ್ಯುತ್ತದೆ ಎಂಬುದು ತಿಳಿಯಲಿಲ್ಲ. ಅರ್ಧ ಊರು ಕತ್ತಲಾದ ವರ್ಷ ತನಿಖೆ ಬಂತು. ಬೆನ್ನು ತಟ್ಟಿದವರಿಗೆ ಬಡ್ತಿಯಾಯಿತು, ಇವರಿಗೆ ಅಮಾನತು. ಈಗಲೂ ಮಾರುಕಟ್ಟೆ ಬೀದಿಯಲ್ಲಿ ಯಾಕಮ್ಮ ಎದುರಾದರೆ ಅವರು ಪಾತ್ರೆ ಅಂಗಡಿಯ ಕಡೆ ತಿರುಗಿ, ಜೀವಮಾನದಲ್ಲಿ ಪಾತ್ರೆಯನ್ನೇ ಕಾಣದವರಂತೆ ನೋಡುತ್ತ ನಿಲ್ಲುತ್ತಾರೆ.

ಆದ್ದರಿಂದ ಸರ್ಕಾರದ ಆ ಆದೇಶ ಬಂದಾಗ ಇಡೀ ಕಚೇರಿಯಲ್ಲಿ ಹಿಗ್ಗಿದವಳು ಯಾಕಮ್ಮ ಒಬ್ಬಳೇ. ಹಣಕಾಸಿನ ಕಾಗದಕ್ಕೆ ಸಹಿ ಹಾಕುವ ಪ್ರತಿ ಅಧಿಕಾರಿಯೂ ಇನ್ನು ಮುಂದೆ ವಿಶ್ವವಿದ್ಯಾಲಯದಲ್ಲಿ ತರಬೇತಿ ಪಡೆದು, ಪರೀಕ್ಷೆ ಬರೆದು, ವೃತ್ತಿ ಪ್ರಮಾಣಪತ್ರ ಪಡೆಯಬೇಕು. ಪಡೆಯದವರಿಗೆ ಸಹಿಯ ಅಧಿಕಾರವಿಲ್ಲ. ಉಳಿದವರೆಲ್ಲ ಈ ವಯಸ್ಸಿನಲ್ಲಿ ಇದೇನು ಗ್ರಹಚಾರ ಎಂದು ಮೂಗು ಮುರಿದರು. ಯಾಕಮ್ಮ ಅವತ್ತೇ ಹೊಸ ಪೆನ್ನು ಕೊಂಡಳು.

ಮನೆಯಲ್ಲಿ ಅವಳಷ್ಟೇ ಸಂಭ್ರಮಪಟ್ಟವರು ಅತ್ತೆ. ಅವರು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ದಾದಿಯಾಗಿದ್ದು ನಿವೃತ್ತರಾದವರು. ಅವರ ದಾದಿ ಪ್ರಮಾಣಪತ್ರ, ಅಂಚು ಹಳದಿಯಾಗಿ, ಇಂದಿಗೂ ನಡುಮನೆಯ ಗೋಡೆಯಲ್ಲಿದೆ.

"ನಮಗೆ ಸುಮ್ನೆ ಕೊಟ್ಟಿದ್ದಲ್ಲ ಕಣೇ ಅದು," ಎಂದರು ಅತ್ತೆ, ಈ ಮಾತನ್ನು ಹಿಂದೆಂದೂ ಹೇಳೇ ಇಲ್ಲವೆಂಬಂತೆ. "ದೊಡ್ಡ ದಾದಿ ಪಕ್ಕದಲ್ಲೇ ನಿಂತಿರೋಳು. ಮಗು ಹೊರಗೆ ಬಂದು, ಅತ್ತು, ತಾಯಿ ಮುಖದಲ್ಲಿ ಬಣ್ಣ ಬರೋ ತನಕ ಮಾತಾಡ್ತಿರ್ಲಿಲ್ಲ. ಆಮೇಲೆ ಪುಸ್ತಕದಲ್ಲಿ ಒಂದು ಗೀಟು ಎಳೆಯೋಳು. ಒಂದ್ಸಲ ನನ್ನ ಕೈ ನಡುಗಿತು ಅಂತ ಆ ಹೆರಿಗೆ ಲೆಕ್ಕಕ್ಕೇ ತಗೊಳ್ಲಿಲ್ಲ ರಾಕ್ಷಸಿ!"

"ಬೈಕೊಂಡಿರ್ತೀರ ಆಗ."

"ಬೈಕೊಂಡಿದ್ದೆ. ಆಮೇಲೆ ಒಬ್ಬಳೇ ಇದ್ದಾಗ ಮಗು ಕಾಲು ಮುಂದಾಗಿ ಬಂತಲ್ಲ, ಅವತ್ತು ಆ ರಾಕ್ಷಸಿಗೇ ಕೈ ಮುಗಿದೆ."

ಮರುದಿನವೇ ಅತ್ತೆ ತಮ್ಮ ಪ್ರಮಾಣಪತ್ರದ ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆಸಿದರು. ಸೊಸೆ ಇನ್ನೂ ತರಗತಿಗೇ ಹೋಗಿರಲಿಲ್ಲ.

ವಿಶ್ವವಿದ್ಯಾಲಯದಲ್ಲಿ ವಾರದ ರಜೆಯ ದಿನ ಪಾಠ. ಬೇರೆ ಬೇರೆ ಊರುಗಳಿಂದ ಬಂದ ಲೆಕ್ಕಾಧಿಕಾರಿಗಳು, ಹೆಚ್ಚಿನವರು ತಲೆ ನರೆತವರು, ಹದಿಹರೆಯದವರ ಅಳತೆಗೆ ಮಾಡಿದ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತರು. ಪಕ್ಕದೂರಿನ ಲೆಕ್ಕಾಧಿಕಾರಿಯೊಬ್ಬ ದಪ್ಪ ಮೀಸೆಯವನು, ಎಲ್ಲರಿಗೂ ಮೀಸೆ ಸಾಹೇಬ. ಮೊದಲ ದಿನವೇ ಬೆಂಚಿಗೆ ಸಿಕ್ಕಿಕೊಂಡು, "ಒಳಗೆ ಬರೋಕೆ ಸರ್ಕಾರದ ಆದೇಶ ಸಾಕಾಯ್ತು, ಹೊರಗೆ ಹೋಗೋಕೆ ಬಡಗೀನೇ ಬೇಕು" ಎಂದು ನಗಿಸಿದ.

ಮೊದಲಿನ ಪಾಠಗಳು ಕೆಟ್ಟದಾಗೇನೂ ಇರಲಿಲ್ಲ. ಆಯವ್ಯಯದ ಪಾಠ ಮಾಡಿದ ಅಧ್ಯಾಪಕಿಗೆ ಯಾಕಮ್ಮ ಒಂದೇ ದಿನ ಅಷ್ಟೊಂದು "ಯಾಕೆ"ಗಳನ್ನು ಕೇಳಿದರೂ ಆಕೆ ಪಾಪ ಒಂದಕ್ಕೂ ಮುಖ ಗಂಟು ಹಾಕಲಿಲ್ಲ. ಇಷ್ಟು ವರ್ಷ ಕಣ್ಣು ಮುಚ್ಚಿ ಬರೆಯುತ್ತಿದ್ದ ಕಾಲಂಗಳು ಒಂದೊಂದಾಗಿ ಅರ್ಥವಾದಾಗ ಯಾಕಮ್ಮನಿಗೆ ಬಸ್ಸಿನಲ್ಲಿ ಮನೆಗೆ ಬರುವಾಗಲೂ ನಗು ತಡೆಯಲಾಗುತ್ತಿರಲಿಲ್ಲ.

ಕೊನೆಯ ವಿಷಯ ಸಾರ್ವಜನಿಕ ಸಾಲ ನಿರ್ವಹಣೆ. ಊರಾಡಳಿತಗಳು ದೊಡ್ಡ ಕಾಮಗಾರಿಗೆ ಸಾಲ ಎತ್ತುವುದು ಹೇಗೆ, ಒಪ್ಪಂದದಲ್ಲಿ ಏನೇನು ನೋಡಬೇಕು, ಎಲ್ಲಿ ಎಚ್ಚರ ತಪ್ಪಬಾರದು. ಅವಳು ಕಾದು ಕೂತಿದ್ದದ್ದೇ ಇದಕ್ಕೆ. ಬೀದಿದೀಪದ ಮನುಷ್ಯನ ಮುಖ ಅವಳ ಕಣ್ಣ ಮುಂದಿತ್ತು.

ಪಾಠ ಮಾಡಲು ಯಾರೂ ಬರಲಿಲ್ಲ. ಹಾಜರಿ ಹಾಳೆ ಮಾತ್ರ ಸರಿಯಾದ ಹೊತ್ತಿಗೆ ಬಂತು. ಮುಂದಿನ ವಾರವೂ ಹಾಗೇ ಆಯಿತು. ವಿಚಾರಿಸಿದರೆ ಅರ್ಥಶಾಸ್ತ್ರ ವಿಭಾಗದವರು, "ಲೆಕ್ಕದ ವಿಷಯ, ವಾಣಿಜ್ಯದವರದ್ದು" ಎಂದರು. ವಾಣಿಜ್ಯ ವಿಭಾಗದವರು, "ಸರ್ಕಾರದ ಸಾಲ, ಅರ್ಥಶಾಸ್ತ್ರದವರದ್ದು" ಎಂದರು. ಕೋರ್ಸಿನ ಬಣ್ಣದ ಕರಪತ್ರದಲ್ಲಿ ಎರಡೂ ವಿಭಾಗಗಳ ಹೆಸರು ದಪ್ಪಕ್ಷರದಲ್ಲಿದ್ದವು. ಪಾಠ ಎರಡರ ನಡುವಿನ ಓಣಿಯಲ್ಲಿ ಬಿದ್ದು ಹೋಗಿತ್ತು.

"ಒಳ್ಳೇದೇ ಆಯ್ತಲ್ಲ," ಎಂದು ಮೀಸೆ ಸಾಹೇಬ ಹಾಜರಿಗೆ ಸಹಿ ಹಾಕಿ ಎದ್ದ. "ಬಾಮ್ಮ ಯಾಕಮ್ಮ, ಟೀ ಕುಡಿಯೋಣ. ಬರದೆ ಇರೋ ಮೇಷ್ಟ್ರಷ್ಟು ಒಳ್ಳೆಯವರು ಬೇರೆ ಯಾರೂ ಇಲ್ಲ."

ಪರೀಕ್ಷೆಯಲ್ಲಿ ಆ ವಿಷಯದ ಮೇಲೆ ಇಪ್ಪತ್ತು ಅಂಕದ ಪ್ರಶ್ನೆ ಬಂತು. ಬದಲಾಗುವ ಬಡ್ಡಿದರದ ಸಾಲ ಒಪ್ಪಂದವನ್ನು ಪರಿಶೀಲಿಸುವಾಗ ಲೆಕ್ಕಾಧಿಕಾರಿ ಗಮನಿಸಬೇಕಾದ ಅಂಶಗಳನ್ನು ವಿವರಿಸಿ. ಯಾಕಮ್ಮ ಪ್ರಶ್ನೆಯ ಸಂಖ್ಯೆ ಬರೆದಳು. ಅದರ ಕೆಳಗೆ, "ಈ ಪಾಠ ನಡೆದಿಲ್ಲ. ಇದರ ಬಗ್ಗೆ ನನಗೆ ಏನೂ ತಿಳಿದಿಲ್ಲ" ಎಂದು ಬರೆದು, ಒಂದು ಗೆರೆ ಎಳೆದು, ಉತ್ತರಪತ್ರಿಕೆ ಕೊಟ್ಟು ಹೊರಬಂದಳು. ತಿಳಿಯದ್ದನ್ನು ಗೀಚಿ ಪುಟ ತುಂಬಿಸುವುದು ಅವಳ ಜಾಯಮಾನವಲ್ಲ. ಈ ಪ್ರಶ್ನೆಗೆ ಸೊನ್ನೆ ಬಿದ್ದರೂ ಉಳಿದದ್ದರಲ್ಲಿ ತೇರ್ಗಡೆಯಾಗಬಹುದು. ಸೊನ್ನೆ ಕಂಡಾದರೂ ಯಾರಿಗೋ ಪಾಠ ನಡೆಯದ್ದು ಗೊತ್ತಾದೀತು.

ಫಲಿತಾಂಶ ಬಂತು. ಸಾರ್ವಜನಿಕ ಸಾಲ ನಿರ್ವಹಣೆ: ಇಪ್ಪತ್ತಕ್ಕೆ ಹದಿನಾಲ್ಕು. ಜೊತೆಗೆ ಹೊಳೆಯುವ ಮುದ್ರೆಯ ಪ್ರಮಾಣಪತ್ರ. ಅದರಲ್ಲಿ, ಸದರಿ ಅಧಿಕಾರಿಯು ಈ ಕೆಳಗಿನ ವಿಷಯಗಳಲ್ಲಿ ಪರಿಣತಿ ಹೊಂದಿದ್ದಾರೆಂದು ಪ್ರಮಾಣೀಕರಿಸಲಾಗಿದೆ ಎಂಬ ಸಾಲು, ಅದರ ಕೆಳಗಿನ ಪಟ್ಟಿಯ ತುದಿಯಲ್ಲಿ ಸಾಲ ನಿರ್ವಹಣೆ.

"ತಾ ಇಲ್ಲಿ, ಚೌಕಟ್ಟು ಹಾಕಿಸ್ತೀನಿ," ಎಂದು ಅತ್ತೆ ಕೈ ಚಾಚಿದರು.

"ಸ್ವಲ್ಪ ತಡೀರಿ ಅತ್ತೆ. ಇದರಲ್ಲಿ ಏನೋ ತಪ್ಪಾಗಿದೆ."

ಮೊಳೆ ಖಾಲಿ ಉಳಿಯಿತು. ಗಂಡ ಅದಕ್ಕೆ ತನ್ನ ಕನ್ನಡಕದ ಅಂಗಡಿಯ ಬೀಗದ ಕೈ ನೇತು ಹಾಕತೊಡಗಿದ.

ಯಾರದೋ ಕೈತಪ್ಪು, ಬೇರೆಯವರ ಅಂಕ ತನಗೆ ಬಂದಿರಬೇಕು, ಬಿಡುವಾದಾಗ ಹೋಗಿ ಸರಿಪಡಿಸಿದರಾಯಿತು ಎಂದುಕೊಂಡಿದ್ದಳು ಯಾಕಮ್ಮ. ಅಷ್ಟರಲ್ಲಿ ಆಯುಕ್ತರಿಂದ ಕರೆ ಬಂತು.

"ಬನ್ನಿ ಬನ್ನಿ, ಪರಿಣತರೇ," ಎಂದರು ಆಯುಕ್ತರು. ಅವರ ಮೇಜಿನ ಮೇಲೆ ಹೊಸ ನೀರು ಶುದ್ಧೀಕರಣ ಘಟಕದ ಸಾಲ ಒಪ್ಪಂದವಿತ್ತು. ಊರಿನ ಹಳೆಯ ಘಟಕ ಹೆಸರಿಗಷ್ಟೇ ಶುದ್ಧೀಕರಣ. ಬೇಸಗೆಯಲ್ಲಿ ನಲ್ಲಿಯಿಂದ ಚಹಾದ ಬಣ್ಣದ ನೀರು ಬರುತ್ತಿತ್ತು. ಹೊಸ ಘಟಕ ಬೇಕೆಂಬುದರಲ್ಲಿ ಯಾಕಮ್ಮನಿಗೂ ಎರಡು ಮಾತಿರಲಿಲ್ಲ. "ಕೊನೇ ಪುಟದಲ್ಲಿ ನಿಮ್ಮ ಸಹಿ. ಶುಕ್ರವಾರ ಸಾಲ ಕೊಡೋರು ಬರ್ತಾರೆ."

ಅವಳು ಒಪ್ಪಂದವನ್ನು ತನ್ನ ಕೋಣೆಗೆ ಒಯ್ದು ಮೊದಲ ಪುಟದಿಂದ ಓದಿದಳು. ಊರಿನ ಮನೆಮನೆಗಳು ಕಟ್ಟುವ ನೀರಿನ ಕರ ಮೊದಲು ಸಾಲದ ಖಾತೆಗೆ ಹೋಗಬೇಕು. ಕಂತು ಮುರಿದುಕೊಂಡು ಉಳಿದದ್ದು ನಗರಸಭೆಗೆ. ಕಂತಿಗೆ ಸಾಲದೇ ಹೋದರೆ ಕರ ಏರಿಸಬೇಕು. ಬಡ್ಡಿ ಮೊದಲ ಮೂರು ವರ್ಷ ಸ್ಥಿರ. ಆಮೇಲೆ "ಆಧಾರ ದರಕ್ಕೆ ಅನುಗುಣವಾಗಿ ವರ್ಷಕ್ಕೊಮ್ಮೆ ಮರುನಿಗದಿ". ಆ ಸಾಲಿನ ಹತ್ತಿರ ಅವಳ ಬೆರಳು ನಿಂತಿತು. ಪರೀಕ್ಷೆಯ ಪ್ರಶ್ನೆಯೇ ಕೋಟು ಹಾಕಿಕೊಂಡು ಎದುರು ಬಂದು ಕೂತಂತಿತ್ತು.

ಅವಳು ವಾಪಸು ಹೋದಳು. "ಸಾರ್, ಈ ಆಧಾರ ದರ ಯಾರು ಇಡ್ತಾರೆ? ಮರುನಿಗದಿ ಅಂದ್ರೆ ಎಷ್ಟು ಏರಬಹುದು? ಇದು ವಾಡಿಕೆಯ ಷರತ್ತೋ ಅಲ್ವೋ?"

"ಅದನ್ನ ನೀವು ನನಗೆ ಹೇಳ್ಬೇಕು ಮೇಡಂ. ಸಾಲ ನಿರ್ವಹಣೆಯಲ್ಲಿ ಹದಿನಾಲ್ಕು ತಗೊಂಡಿರೋದು ನೀವು, ನಾನಲ್ಲ."

"ನನಗೆ ಗೊತ್ತಿಲ್ಲ ಸಾರ್. ಆ ಪಾಠಾನೇ ಆಗಿಲ್ಲ."

ಆಯುಕ್ತರು ನಕ್ಕರು. "ವಿನಯ ಒಳ್ಳೇದು. ಆದ್ರೆ ವಿಶ್ವವಿದ್ಯಾಲಯ ಗೊತ್ತು ಅಂದಿದೆ. ನೀವು ಗೊತ್ತಿಲ್ಲ ಅಂದ್ರೆ ನಾನು ಯಾರ ಮಾತು ನಂಬಲಿ? ಪಕ್ಕದೂರಿನವರು ಹೋದ ವರ್ಷವೇ ಇದೇ ಸಂಸ್ಥೆಯಿಂದ ಸಾಲ ಎತ್ತಿ ಆಯ್ತು. ಆ ಕಡತ ತರಿಸಿಕೊಡ್ತೀನಿ, ನೋಡಿ ಬರೀರಿ."

ಯಾಕಮ್ಮನ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ತಿಳಿಯದು ಎಂದರೆ ಕನಿಷ್ಠಪಕ್ಷ ನಂಬುತ್ತಿದ್ದರು. ಈಗ ಹಾಗೆನ್ನುವ ಹಕ್ಕನ್ನೂ ಮುದ್ರೆ ಹೊಡೆದು ಕಿತ್ತುಕೊಂಡಿದ್ದಾರೆ. ನಾಳೆ ನೀರಿನ ಕರ ಮುಗಿಲು ಮುಟ್ಟಿ ಜನ ಬಾಗಿಲಿಗೆ ಬಂದರೆ, ಕಲಿತವಳೇ ಸಹಿ ಹಾಕಿದ್ದಾಳಲ್ಲ ಎಂದು ಇದೇ ಪ್ರಮಾಣಪತ್ರವನ್ನು ಎತ್ತಿ ತೋರಿಸುತ್ತಾರೆ.

ಮರುದಿನ ಅವಳು ರಜೆ ಹಾಕಿ ವಿಶ್ವವಿದ್ಯಾಲಯದ ಪರೀಕ್ಷಾ ಭವನಕ್ಕೆ ಹೋದಳು. ಕಿಟಕಿಯ ಹಿಂದಿದ್ದ ಗುಮಾಸ್ತೆ ಮರುಮೌಲ್ಯಮಾಪನದ ಅರ್ಜಿ ಕೊಟ್ಟಳು. "ಎಷ್ಟು ಅಂಕ ಹೆಚ್ಚಾಗಬೇಕು ಅನ್ನೋದನ್ನ ಈ ಕಾಲಂನಲ್ಲಿ ತುಂಬಿ ಮೇಡಂ."

"ಹೆಚ್ಚಾಗೋದು ಬೇಡಮ್ಮ. ಕಡಿಮೆಯಾಗ್ಬೇಕು. ಹದಿನಾಲ್ಕು ತೆಗೆದು ಸೊನ್ನೆ ಹಾಕ್ಬೇಕು."

ಗುಮಾಸ್ತೆ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಆಮೇಲೆ ದನಿ ತಗ್ಗಿಸಿ, "ಮನೇಲಿ ಏನಾದ್ರೂ ತೊಂದರೆನಾ ಮೇಡಂ?" ಎಂದು ಕೇಳಿದಳು.

"ಮನೇಲಿ ಎಲ್ಲ ಚೆನ್ನಾಗಿದೆ. ತೊಂದರೆ ಇರೋದು ಇಲ್ಲಿ."

"ಕಡಿಮೆ ಮಾಡಿ ಅನ್ನೋದಕ್ಕೆ ಕಾಲಂ ಇಲ್ಲ ಮೇಡಂ. ಇದುವರೆಗೆ ಯಾರೂ ಕೇಳಿಲ್ಲ. ಬೇಕಾದ್ರೆ ಉತ್ತರಪತ್ರಿಕೆಯ ನಕಲು ತಗೊಳ್ಳಿ, ಅದಕ್ಕೆ ಅವಕಾಶ ಇದೆ."

ಯಾಕಮ್ಮ ಶುಲ್ಕ ಕಟ್ಟಿ ನಕಲು ಪಡೆದಳು. ಅಂಕ ಬೇರೆ ಯಾರದ್ದೂ ಆಗಿರಲಿಲ್ಲ. ಅವಳದೇ ಅಕ್ಷರ, ಅವಳದೇ ಎರಡು ಸಾಲು, ಅವಳೇ ಎಳೆದ ಗೆರೆ. ಪಕ್ಕದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ದುಂಡಗೆ ಹದಿನಾಲ್ಕು, ಅದರ ಮೇಲೊಂದು ಸರಿ ಗುರುತು.

ಆ ಹಾಳೆ ಹಿಡಿದುಕೊಂಡು ಪರೀಕ್ಷೆಗಳ ಮೇಲಧಿಕಾರಿಯಾದ ಕುಲಸಚಿವರ ಕೋಣೆಗೆ ಹೋದಳು. ಗೋಡೆಯ ತುಂಬ ಗೌನು ಹಾಕಿ ನಿಂತವರ ಫೋಟೋಗಳು. ಕುಲಸಚಿವರು ಹಾಳೆ ನೋಡಿದರು. ಅವರಿಗೆ ನಾಚಿಕೆಯಾದೀತು ಎಂದು ಯಾಕಮ್ಮ ಕಾದಳು. ಆಗಲಿಲ್ಲ.

"ಪಾಠ ಆಗಿರಲಿಲ್ಲ ಅನ್ನೋದು ನಮ್ಮ ಗಮನಕ್ಕೆ ಬಂದಿತ್ತು. ನಿಮಗೆಲ್ಲ ಅನ್ಯಾಯ ಆಗ್ಬಾರದು ಅಂತ ಸಮಿತಿ ಕೂತು ತೀರ್ಮಾನ ಮಾಡಿದ್ವಿ. ಆ ಪ್ರಶ್ನೆಯನ್ನ ಪ್ರಯತ್ನಿಸಿದವರಿಗೆಲ್ಲ ಹದಿನಾಲ್ಕು."

"ನಾನು ಪ್ರಯತ್ನಿಸಿಲ್ಲ ಸಾರ್. ಗೊತ್ತಿಲ್ಲ ಅಂತ ಬರೆದಿದೀನಿ."

"ಪ್ರಶ್ನೆ ಸಂಖ್ಯೆ ಬರೆದಿದ್ದೀರಿ. ಕೆಳಗೆ ವಾಕ್ಯ ಇದೆ. ನಿಯಮದ ಪ್ರಕಾರ ಅದು ಪ್ರಯತ್ನವೇ."

"ಪಾಠ ಆಗಿಲ್ಲ ಅಂತ ಗೊತ್ತಿದ್ರೆ ಪಾಠ ಮಾಡ್ಬೇಕಿತ್ತಲ್ಲ ಸಾರ್? ಅಂಕ ಯಾಕೆ ಕೊಟ್ರಿ?"

ಕುಲಸಚಿವರು ಪೆನ್ನಿನ ಮುಚ್ಚಳ ಹಾಕಿದರು. "ಎಲ್ಲರೂ ಸಂತೋಷವಾಗಿದ್ದಾರೆ. ಸರ್ಕಾರಕ್ಕೆ ಗಡುವಿನೊಳಗೆ ಪಟ್ಟಿ ಹೋಗಿದೆ. ನಿಮ್ಮೊಬ್ಬರಿಗೇ ಯಾಕೆ ಇಷ್ಟು ಸಂಕಟ ಅಂತ ನನಗೆ ಅರ್ಥ ಆಗ್ತಿಲ್ಲ."

"ಶುಕ್ರವಾರ ನಾನು ಒಂದು ಊರಿನ ನೀರನ್ನ ಒತ್ತೆ ಇಡೋ ಕಾಗದಕ್ಕೆ ಸಹಿ ಹಾಕ್ಬೇಕು ಸಾರ್," ಎಂದಳು ಯಾಕಮ್ಮ. ದನಿ ಏರದಂತೆ ಹಲ್ಲು ಕಚ್ಚಿದ್ದಳು. "ನಿಮ್ಮ ಹದಿನಾಲ್ಕನ್ನ ನೋಡಿ ಹಾಕಿಸ್ತಿದಾರೆ. ಇಲ್ಲಿ ಸಮಿತಿ ಕೂತು ಅಂಕ ಕೊಡ್ತೀರಿ. ಅಲ್ಲಿ ನಲ್ಲಿ ನಿಂತ್ರೆ ಯಾವ ಸಮಿತಿ ಕೂತು ನೀರು ಕೊಡುತ್ತೆ?"

"ಲಿಖಿತ ದೂರು ಕೊಡಿ," ಎಂದರು ಕುಲಸಚಿವರು. "ಪರಿಶೀಲಿಸೋಣ."

ಅವಳು ಅಲ್ಲೇ ಕೂತು ದೂರು ಬರೆದು, ಕೊಟ್ಟು, ಎದ್ದು ಬಂದಳು. ಆ ಸಂಜೆ ಅವಳು ನಡೆದದ್ದನ್ನೆಲ್ಲ ಹೇಳುತ್ತಿದ್ದಾಗ ಗಂಡ ಊಟದ ತಟ್ಟೆಯ ಮುಂದೆ ಕೈ ಒಣಗಿಸಿಕೊಂಡು ಕೂತಿದ್ದ.

"ನನ್ನ ಅಂಗಡೀಲಿ ಕಣ್ಣು ಪರೀಕ್ಷೆಗೆ ಬಂದೋನು, ಒಂದಕ್ಷರಾನೂ ಕಾಣ್ತಿಲ್ಲ ಅಂತಾನೆ ಅಂದ್ಕೋ," ಎಂದ ಅವನು. "ನಾನು, ಪ್ರಯತ್ನ ಪಟ್ರಲ್ಲ, ಅಷ್ಟು ಸಾಕು, ಕಣ್ಣು ಚೆನ್ನಾಗಿದೆ, ಬಸ್ ಓಡಿಸಿ ಹೋಗಿ ಅಂದ ಹಾಗಾಯ್ತು ಇದು."

ಅತ್ತೆ ನಗಲಿಲ್ಲ. "ನಿಮ್ಮಲ್ಲಿ ಪಕ್ಕದಲ್ಲಿ ನಿಂತು ನೋಡೋರು ಯಾರೂ ಇಲ್ವೇನೇ?"

"ಯಾರೂ ಇಲ್ಲ ಅತ್ತೆ. ಬಾಗಿಲಲ್ಲಿ ನಿಂತು ಹಾಜರಿ ತಗೊಳ್ಳೋರು ಮಾತ್ರ."

"ಹಾಗಾದ್ರೆ ಸಹಿ ಹಾಕ್ಬೇಡ."

"ಹಾಕ್ದೆ ಇದ್ರೆ ಬೇರೆ ಯಾರ ಕೈಲಾದ್ರೂ ಹಾಕಿಸ್ತಾರೆ. ನನ್ನ ಜೊತೆ ಪಾಸಾದೋರು ಬೇಕಾದಷ್ಟು ಜನ ಇದಾರೆ. ಎಲ್ಲರಿಗೂ ಹದಿನಾಲ್ಕು."

ಅತ್ತೆ ಗೋಡೆಯ ಮೇಲಿನ ತಮ್ಮ ಪ್ರಮಾಣಪತ್ರದ ಕಡೆ ನೋಡಿದರು. "ನಾವು ಕೈಲಾಗದ ಹೆರಿಗೆ ಬಂದ್ರೆ ಚೀಟೀಲಿ ಬರೀತಿದ್ವಿ. ನನ್ನ ಕೈಲಾಗಲ್ಲ, ದೊಡ್ಡಾಸ್ಪತ್ರೆಗೆ ಕಳಿಸಿ ಅಂತ. ಚೀಟಿ ರೋಗಿ ಜೊತೆಗೇ ಹೋಗೋದು. ಆಮೇಲೆ ಯಾರಾದ್ರೂ ಮುಟ್ಟಿದ್ರೆ ಆ ಚೀಟಿ ನೋಡೇ ಮುಟ್ಬೇಕು."

ಯಾಕಮ್ಮ ತುತ್ತು ಕೈಯಲ್ಲೇ ಹಿಡಿದು ಅವರ ಮುಖ ನೋಡಿದಳು.

ಸರ್ಕಾರಿ ಕಚೇರಿಯಲ್ಲಿ ಒಂದು ಪದ್ಧತಿಯಿದೆ. ಕಡತಕ್ಕೆ ಸೇರಿಸಿ, ದಾರ ಕಟ್ಟಿ, ಪುಟಸಂಖ್ಯೆ ಹಾಕಿದ ಕಾಗದವನ್ನು ಆಮೇಲೆ ಎಂಥವರೂ ತೆಗೆಯುವಂತಿಲ್ಲ. ತೆಗೆದರೆ ಮುಂದಿನ ಪುಟಗಳ ಸಂಖ್ಯೆಗಳೇ ಬಾಯಿ ಬಿಡುತ್ತವೆ. ಮರುದಿನ ಬೆಳಗ್ಗೆ ಯಾಕಮ್ಮ ಉತ್ತರಪತ್ರಿಕೆಯ ಆ ಪುಟವನ್ನು ಸಾಲದ ಕಡತಕ್ಕೆ ಸೇರಿಸಿ, ದಾರ ಕಟ್ಟಿ, ಸಂಖ್ಯೆ ಹಾಕಿದಳು. ಒಪ್ಪಂದದ ಮೇಲಿನ ಟಿಪ್ಪಣಿಯಲ್ಲಿ ಬರೆದಳು: "ಬಡ್ಡಿ ಮರುನಿಗದಿಯ ಷರತ್ತಿನ ಪರಿಣಾಮ ನನಗೆ ತಿಳಿದಿಲ್ಲ. ಈ ವಿಷಯದಲ್ಲಿ ನನಗಿರುವ ಜ್ಞಾನ ಲಗತ್ತಿಸಿದ ಪುಟದಲ್ಲಿ ಇರುವಷ್ಟೇ. ಈ ಜ್ಞಾನಕ್ಕೆ ವಿಶ್ವವಿದ್ಯಾಲಯವು ಹದಿನಾಲ್ಕು ಅಂಕ ನೀಡಿದೆ. ನನ್ನ ಜೊತೆ ಪ್ರಮಾಣಪತ್ರ ಪಡೆದವರಿಗೂ ಈ ಪಾಠ ನಡೆದಿಲ್ಲ. ಪಾಠವಾದ ಮೇಲೆ ಒಪ್ಪಂದವನ್ನು ಪರಿಶೀಲಿಸಿ ಸಹಿ ಮಾಡಲಾಗುವುದು."

ಮುಖ್ಯ ಗುಮಾಸ್ತರು ಅದನ್ನು ಓದಿ ಕುರ್ಚಿಗೆ ಒರಗಿದರು. ಅವರು ಈ ಕಚೇರಿಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. "ಇಂಥ ಟಿಪ್ಪಣಿ ಹಿಂದಿನ ಯಾವ ಕಡತದಲ್ಲೂ ಇಲ್ಲ ಮೇಡಂ."

"ಇನ್ನು ಮುಂದೆ ನೋಡಿ ಬರೆಯೋರಿಗೆ ಒಂದು ಆಯ್ತಲ್ಲ ಸಾರ್."

ಆಯುಕ್ತರು ಮಾತ್ರ ಕೆಂಡವಾದರು. "ನಗರಸಭೆಯ ಮಾನ ಹರಾಜು ಹಾಕ್ತಿದ್ದೀರಿ! ಊರಿಗೆ ಒಳ್ಳೇ ನೀರು ಬರೋದು ನಿಮಗೆ ಬೇಡ, ಅಲ್ವಾ?" ಎಂದು ಇಡೀ ವಿಭಾಗಕ್ಕೆ ಕೇಳುವಂತೆ ಕೂಗಾಡಿದರು. ಜನನ-ಮರಣ ನೋಂದಣಿಗೆ ವರ್ಗ ಮಾಡುತ್ತೇನೆಂದು ಹೆದರಿಸಿದರು. ಯಾಕಮ್ಮ, "ಮಾಡಿ ಸಾರ್. ಆದ್ರೆ ಪುಟ ಕಡತದಲ್ಲೇ ಇರುತ್ತೆ" ಎಂದು ಮಾತ್ರ ಹೇಳಿದಳು.

ಶುಕ್ರವಾರ ಸಾಲ ಕೊಡುವ ಸಂಸ್ಥೆಯವರು ಬಂದರು. ಅವರ ವಕೀಲೆ ರೂಢಿಯಂತೆ ಕಡತವನ್ನು ಮೊದಲಿಂದ ತಿರುವುತ್ತ ಬಂದು ಆ ಪುಟದಲ್ಲಿ ನಿಂತಳು. ಎರಡು ಸಲ ಓದಿದಳು. ಆಮೇಲೆ ಕನ್ನಡಕ ತೆಗೆದು ಹೇಳಿದಳು: "ಅರ್ಥವಾಗಿಲ್ಲ ಅಂತ ಸಹಿ ಹಾಕೋರೇ ಬರೆದಿಟ್ಟಿದ್ದಾರೆ. ಇದರ ಮೇಲೆ ನಾವು ಸಹಿ ತಗೊಂಡ್ರೆ ನಾಳೆ ಕೋರ್ಟಿನಲ್ಲಿ ಈ ಒಪ್ಪಂದ ನಿಲ್ಲಲ್ಲ. ಜೊತೆಗಿದ್ದೋರಿಗೂ ಪಾಠ ಆಗಿಲ್ಲ ಅಂದ್ಮೇಲೆ ಬೇರೆಯವರ ಸಹಿ ತಗೊಂಡ್ರೂ ಅಷ್ಟೇ. ಮೊದಲು ಆ ಪಾಠ ಮಾಡಿಸಿ."

ಯಾಕಮ್ಮನ ಮಾತಿಗೆ ಅಲುಗದ ವಿಶ್ವವಿದ್ಯಾಲಯ ಆಯುಕ್ತರ ಒಂದು ಫೋನಿಗೆ ಎದ್ದು ಕೂತಿತು. ಎರಡೂ ವಿಭಾಗಗಳು ಮತ್ತೆ ಒಂದರ ಕಡೆ ಒಂದು ಬೆರಳು ಮಾಡಿದವು. ಕಡೆಗೆ ಯಾರಿಗೋ, ಸಾಲ ನಿರ್ವಹಣೆಯನ್ನೇ ಜೀವಮಾನವಿಡೀ ಕಲಿಸಿ ನಿವೃತ್ತರಾದ ಅರ್ಥಶಾಸ್ತ್ರದ ಪ್ರಾಧ್ಯಾಪಕರೊಬ್ಬರಿದ್ದಾರೆಂದು ನೆನಪಾಯಿತು. ಅವರ ಮನೆ ವಿಶ್ವವಿದ್ಯಾಲಯದ ಗೇಟಿನ ಎದುರುಗಡೆಯೇ ಇತ್ತು.

ಅವರು ತರಗತಿಗೆ ಬಂದು ಮೊದಲು ಹೇಳಿದ್ದು ಇಷ್ಟೇ: "ಆಗಲೇ ಕರೆದಿದ್ರೆ ಆಗಲೇ ಬರ್ತಿದ್ದೆ. ರಸ್ತೆ ದಾಟೋದು ತಾನೇ."

ಯಾಕಮ್ಮನಿಗೆ ಆ ಮಾತು ಕೇಳಿ ಅಳುವಷ್ಟು ಸಿಟ್ಟು ಬಂತು. ಒಂದು ರಸ್ತೆ! ಒಂದು ಊರಿನ ನೀರು ಒತ್ತೆ ಬೀಳುತ್ತಿದ್ದದ್ದು ಯಾರೋ ಒಂದು ರಸ್ತೆ ದಾಟಿ ಹೋಗಿ ಬಾಗಿಲು ತಟ್ಟಲಿಲ್ಲ ಎಂಬುದಕ್ಕೆ.

ಬೆಂಚುಗಳಲ್ಲಿ ಹಳೆಯ ಗುಂಪೇ ಕೂತಿತ್ತು. ರಜೆ ಹಾಳಾಯಿತೆಂದು ಎಲ್ಲರೂ ಅವಳ ಮೇಲೆ ಕಣ್ಣು ಕೆಕ್ಕರಿಸಿದ್ದರು. "ಪಾಸಾದ ಮೇಲೆ ಪಾಠ ಕೇಳೋ ಪುಣ್ಯ ನಿನ್ನಿಂದ ಬಂತು ತಾಯಿ," ಎಂದ ಮೀಸೆ ಸಾಹೇಬ. "ಮದುವೆ ಆಗಿ ಮಕ್ಕಳಾದ ಮೇಲೆ ಹೆಣ್ಣು ನೋಡೋ ಶಾಸ್ತ್ರ ಮಾಡ್ಸಿದ ಹಾಗೆ."

ಪ್ರಾಧ್ಯಾಪಕರು ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಒಂದು ಸಾಲ ಬರೆದರು. ಆಧಾರ ದರವನ್ನು ಯಾರು ನಿಗದಿ ಮಾಡುತ್ತಾರೆ, ಅದು ಏಕೆ ಏರುತ್ತದೆ, ಏರಿದರೆ ಕಂತು ಹೇಗೆ ಉಬ್ಬುತ್ತದೆ ಎಂದು ಒಂದೊಂದೇ ಮೆಟ್ಟಿಲಾಗಿ ತೋರಿಸುತ್ತ ಹೋದರು. ಯಾಕಮ್ಮ ಕೈ ಎತ್ತಿ ಕೇಳಿದಳು, ಮತ್ತೆ ಕೇಳಿದಳು. ಸ್ವಲ್ಪ ಹೊತ್ತಿಗೆ ಬೇರೆಯವರೂ ಕೇಳತೊಡಗಿದರು. ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವರೂ ಕ್ಯಾಲ್ಕುಲೇಟರ್ ಹೊರತೆಗೆದರು.

"ದರ ಬದಲಾಗೋದರಲ್ಲಿ ತಪ್ಪೇನಿಲ್ಲ," ಎಂದರು ಪ್ರಾಧ್ಯಾಪಕರು. "ಎಲ್ಲರೂ ಹಾಗೇ ಸಾಲ ಕೊಡ್ತಾರೆ. ನೀವು ಹುಡುಕಬೇಕಾದ್ದು ಒಂದು ಸಾಲು. ಏರಿದ್ರೆ ಇಷ್ಟಕ್ಕಿಂತ ಮೇಲೆ ಏರಬಾರದು ಅನ್ನೋ ಮಿತಿ. ಆ ಸಾಲು ಇದ್ರೆ ಸಹಿ ಹಾಕಿ. ಇಲ್ಲದಿದ್ರೆ ಕೇಳಿ, ಹಾಕ್ಸಿಕೊಳ್ಳಿ. ಸಾಮಾನ್ಯವಾಗಿ ಕೊಡ್ತಾರೆ. ಕೇಳದೆ ಇದ್ರೆ ಮಾತ್ರ ಯಾರೂ ಕೊಡಲ್ಲ."

ಯಾಕಮ್ಮ ಚೀಲದಿಂದ ಒಪ್ಪಂದದ ನಕಲು ತೆಗೆದು ಸಾಲುಸಾಲಾಗಿ ಬೆರಳು ಓಡಿಸಿದಳು. ಆ ಸಾಲು ಇರಲಿಲ್ಲ.

ಆಗ ಅವಳ ಹಿಂದಿನಿಂದ ಮೀಸೆ ಸಾಹೇಬನ ದನಿ ಕೇಳಿತು. ಆ ದನಿಯಲ್ಲಿ ನಗೆಯ ಸುಳಿವೂ ಇರಲಿಲ್ಲ. "ಸಾರ್, ಸಹಿ ಆದ ಮೇಲೆ ಆ ಸಾಲು ಸೇರಿಸೋಕಾಗುತ್ತಾ?"

"ಕೊಟ್ಟವರು ಒಪ್ಪಿದ್ರೆ ಆಗುತ್ತೆ."

"ಒಪ್ಪದಿದ್ರೆ?"

"ಏರಿದಷ್ಟೂ ಕಟ್ಟಬೇಕು," ಎಂದು ಪ್ರಾಧ್ಯಾಪಕರು ಸೀಮೆಸುಣ್ಣ ಕೆಳಗಿಟ್ಟರು. ಯಾರೂ ತಿರುಗಿ ನೋಡಲಿಲ್ಲ. ಆಯುಕ್ತರು ತರಿಸಿಕೊಡುತ್ತೇನೆಂದಿದ್ದ ಪಕ್ಕದೂರಿನ ಕಡತ ಯಾರದ್ದೆಂದು ಯಾಕಮ್ಮನಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಟೀ ಬಿಡುವಿನಲ್ಲಿ ಅವನು ಕ್ಯಾಂಟೀನಿಗೆ ಹೋಗಲಿಲ್ಲ. ಬೆಂಚಿನಲ್ಲೇ ಕೂತು, ಹಲಗೆಯ ಮೇಲಿದ್ದ ಅಂಕಿಗಳನ್ನು ತನ್ನೂರಿನ ಸಾಲಕ್ಕೆ ಹೊಂದಿಸಿ ಗುಣಿಸುತ್ತಿದ್ದ. ಯಾಕಮ್ಮ ಅವನಿಗೊಂದು ಲೋಟ ಟೀ ತಂದು ಪಕ್ಕದಲ್ಲಿಟ್ಟಳು. ಅವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅವನಿಗೆ ಕಲಿಸದೆ, ಕೇಳದೆ, ಪಕ್ಕದಲ್ಲಿ ನಿಲ್ಲದೆ ಪೆನ್ನು ಕೈಗಿತ್ತವರ ಮೇಲೆ ಬಂತು.

ಯಾಕಮ್ಮ ಕೇಳಿದ ಮಿತಿಯ ಸಾಲನ್ನು ಸಾಲ ಕೊಡುವವರು ಸ್ವಲ್ಪ ಗೊಣಗಿ, ಒಪ್ಪಿ, ಸೇರಿಸಿದರು. ಅವಳು ಒಪ್ಪಂದವನ್ನು ಮತ್ತೊಮ್ಮೆ ಮೊದಲಿಂದ ಓದಿ ಸಹಿ ಹಾಕಿದಳು. ಹೊಸ ಘಟಕದ ಗುದ್ದಲಿ ಪೂಜೆಯ ದಿನ ಆಯುಕ್ತರು ತಮ್ಮ ದೂರದೃಷ್ಟಿಯ ಬಗ್ಗೆ ಉದ್ದ ಭಾಷಣ ಮಾಡಿದರು. ಅದೇ ವಾರ ವಿಶ್ವವಿದ್ಯಾಲಯದಿಂದ ಅವಳ ದೂರಿಗೆ ಉತ್ತರ ಬಂತು. ಪರಿಶೀಲಿಸಲಾಗಿದೆ, ಅಂಕದಲ್ಲಿ ಬದಲಾವಣೆ ಇಲ್ಲ, ಹದಿನಾಲ್ಕೇ ಅಂತಿಮ, ಕಡತ ಮುಕ್ತಾಯ. ಮುಂದಿನ ತಂಡದ ಕರಪತ್ರ ಕೂಡ ಅದೇ ಲಕೋಟೆಯಲ್ಲಿತ್ತು. ಎರಡೂ ವಿಭಾಗಗಳ ಹೆಸರು, ದಪ್ಪಕ್ಷರದಲ್ಲಿ. ಆ ವಿಷಯಕ್ಕೆ ಮೇಷ್ಟ್ರ ಹೆಸರಿನ ಜಾಗ ಖಾಲಿ.

ಯಾಕಮ್ಮ ಅವತ್ತೇ ಆ ಖಾಲಿ ಜಾಗದ ಬಗ್ಗೆ ಇನ್ನೊಂದು ದೂರು ಬರೆದು ಅಂಚೆಗೆ ಹಾಕಿದಳು. ಆಮೇಲೆ ಗೇಟಿನ ಎದುರಿನ ಮನೆಗೆ ಹೋದಳು. "ಸಾರ್, ನನಗೊಂದು ಪರೀಕ್ಷೆ ಕೊಡಿ. ಹಳೇದು ಲೆಕ್ಕಕ್ಕಿಲ್ಲ" ಎಂದಳು. ಪ್ರಾಧ್ಯಾಪಕರು ನಗದೆ ಒಂದು ಪ್ರಶ್ನೆ ಬರೆದುಕೊಟ್ಟು, ಊಟದ ಮೇಜಿನ ಎದುರು ಬದಿಯಲ್ಲಿ ಪತ್ರಿಕೆ ಓದುತ್ತ ಕೂತರು. ಅವಳು ಬರೆದದ್ದನ್ನು ಅಲ್ಲೇ ತಿದ್ದಿದರು.

ಮನೆಗೆ ಬಂದು ಹಾಳೆಯನ್ನು ಅತ್ತೆಯ ಕೈಗೆ ಕೊಟ್ಟಳು. ಪುಟದ ತುಂಬ ಕೆಂಪು ಗೆರೆಗಳು. ತುದಿಯಲ್ಲಿ, ಇಪ್ಪತ್ತಕ್ಕೆ ಹನ್ನೊಂದು.

"ಹನ್ನೊಂದೇನೇ? ಯಾಕೆ?"

"ಎರಡನೇ ಭಾಗ ತಪ್ಪಾಗಿತ್ತು ಅತ್ತೆ. ಅವಧಿಗೆ ಮೊದಲೇ ಸಾಲ ತೀರಿಸೋ ಲೆಕ್ಕ. ಮುಂದಿನ ವಾರ ಮತ್ತೆ ಬಾ ಅಂದಿದಾರೆ."

"ಪಕ್ಕದಲ್ಲಿ ಕೂತಿದ್ರಾ?"

"ಎದುರಿಗೇ ಕೂತಿದ್ರು. ಒಂದು ಕಡೆ ನನ್ನ ಕೈ ತಡವರಿಸಿದ್ದನ್ನೂ ನೋಡಿ ಒಂದು ಅಂಕ ಕಳೆದ್ರು."

"ರಾಕ್ಷಸ," ಎಂದರು ಅತ್ತೆ, ಮುಖವೆಲ್ಲ ಅರಳಿಸಿ. ಮೊಳೆಯಿಂದ ಮಗನ ಅಂಗಡಿಯ ಬೀಗದ ಕೈ ತೆಗೆದು ಅವನತ್ತ ಎಸೆದು, ಹನ್ನೊಂದರ ಹಾಳೆಯನ್ನು ಚುಚ್ಚಿ ನೇತು ಹಾಕಿದರು.